ಅಸ್ಥಿರ ಶ್ರೋಣಿ ಗಾಯಗಳು: ಬಹುಗಾಯದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆ

ಬೆನ್ನುಮೂಳೆಯ ಬುಡವನ್ನು ಎರಡು ಕಾಲುಗಳಿಗೆ ಬೆಸೆಯುವ ಮೂಳೆಗಳ ಉಂಗುರವೇ ಶ್ರೋಣಿ. ಆಡುಮಾತಿನಲ್ಲಿ ಇದು ಸೊಂಟದ ಗೂಡು. ಈ ಉಂಗುರ ಮುರಿದು, ಮೈಭಾರ ಬಿದ್ದಾಗ ಜಾಗ ಬಿಟ್ಟು ಸರಿಯುವಷ್ಟು ಸಡಿಲಗೊಂಡರೆ ಅದನ್ನು ಅಸ್ಥಿರ ಶ್ರೋಣಿ ಗಾಯ ಎನ್ನುತ್ತಾರೆ. ಇಷ್ಟು ಬಲವಾದ ಉಂಗುರ ಮುರಿಯಲು ಭಾರಿ ಹೊಡೆತ ಬೇಕು. ಆದ್ದರಿಂದ ಇಂಥ ರೋಗಿಗಳಲ್ಲಿ ತಲೆ, ಎದೆ, ಹೊಟ್ಟೆ, ತೊಡೆಮೂಳೆಗಳಿಗೂ ಪೆಟ್ಟಾಗಿರುವುದೇ ಹೆಚ್ಚು. ಎರಡು ಅಥವಾ ಹೆಚ್ಚು ದೇಹಭಾಗಗಳಿಗೆ ತೀವ್ರ ಗಾಯವಾಗಿದ್ದು, ಜೊತೆಗೆ ರಕ್ತದೊತ್ತಡದ ಕುಸಿತ, ಪ್ರಜ್ಞಾಹೀನತೆ, ರಕ್ತದಲ್ಲಿ ಆಮ್ಲದ ಏರಿಕೆ, ಹೆಪ್ಪುಗಟ್ಟುವಿಕೆಯ ದೋಷ, 70 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು ಇವುಗಳಲ್ಲಿ ಒಂದಾದರೂ ಇದ್ದರೆ ಅದನ್ನು ಬಹುಗಾಯ ಎಂದು ಕರೆಯಬೇಕೆಂದು 2014ರ ಬರ್ಲಿನ್ ವ್ಯಾಖ್ಯೆ ಹೇಳುತ್ತದೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಈ ಗಾಯದ ಚಿಕಿತ್ಸೆಯ ಮುಖ್ಯ ಸಮಸ್ಯೆಯನ್ನು ಸ್ಪಷ್ಟವಾಗಿ ತೋರಿಸುತ್ತವೆ. ಗಾಯವಾಗುವುದು ಇಲ್ಲಿಯ ಹೆದ್ದಾರಿ, ಹೊಲ, ಮರ, ಜಾತ್ರೆಗಳಲ್ಲಿ. ಮೂಳೆ ಜೋಡಿಸುವ ದೊಡ್ಡ ಶಸ್ತ್ರಕ್ರಿಯೆ ನಡೆಯುವುದು ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ. ನಡುವಿನ ಹಾದಿಯಲ್ಲಿ ಯಾವ ಕೆಲಸ ಯಾವ ಕ್ರಮದಲ್ಲಿ ನಡೆಯಿತು ಎಂಬುದೇ ರೋಗಿ ಬದುಕುವುದನ್ನೂ ಮುಂದೆ ನಡೆಯುವುದನ್ನೂ ನಿರ್ಧರಿಸುತ್ತದೆ.

ರಚನೆ

ಹಿಂದುಗಡೆ ತ್ರಿಕಾಸ್ಥಿ, ಎರಡು ಪಕ್ಕಗಳಲ್ಲಿ ಎರಡು ಸೊಂಟದ ಮೂಳೆಗಳು ಸೇರಿ ಶ್ರೋಣಿಯ ಉಂಗುರವಾಗುತ್ತದೆ. ಪ್ರತಿ ಸೊಂಟದ ಮೂಳೆಯೂ ಇಲಿಯಮ್, ಇಸ್ಕಿಯಮ್, ಪ್ಯೂಬಿಸ್ ಎಂಬ ಮೂರು ಭಾಗಗಳು ಬೆಸೆದು ಆದದ್ದು. ಮುಂದುಗಡೆ ಎರಡು ಪ್ಯೂಬಿಸ್‌ಗಳನ್ನು ಮೃದ್ವಸ್ಥಿಯ ಸಂಧಿಯಾದ ಸಿಂಫಿಸಿಸ್ ಕೂಡಿಸಿದರೆ, ಹಿಂದುಗಡೆ ತ್ರಿಕಾಸ್ಥಿಗೂ ಇಲಿಯಮ್‌ಗೂ ನಡುವೆ ಎರಡು ಸ್ಯಾಕ್ರೋಇಲಿಯಾಕ್ ಸಂಧಿಗಳಿವೆ. ಮೂಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ನಿಂತಿಲ್ಲ. ಅವುಗಳನ್ನು ಹಿಡಿದಿಡುವುದು ಅಸ್ಥಿರಜ್ಜುಗಳು. ಅವುಗಳಲ್ಲಿ ಹಿಂಬದಿಯ ರಜ್ಜುಗಳು ಅತ್ಯಂತ ಬಲವಾದವು. ಮೈಭಾರ ಬೆನ್ನಿನಿಂದ ಕಾಲಿಗೆ ಇಳಿಯುವುದು ಹಿಂಬದಿಯ ಮೂಲಕವೇ. ಹಾಗಾಗಿ ಗಾಯ ಸ್ಥಿರವೋ ಅಸ್ಥಿರವೋ ಎಂಬ ತೀರ್ಮಾನ ಹಿಂಬದಿಯ ಸ್ಥಿತಿಯನ್ನು ಅವಲಂಬಿಸಿದೆ.

ಗಾಜಿನ ಬಳೆ ಒಂದೇ ಕಡೆ ಒಡೆದು ಬಿಡಿಸಿಕೊಳ್ಳುವುದಿಲ್ಲ, ಶ್ರೋಣಿಯೂ ಹಾಗೆಯೇ. ಎಕ್ಸ್‌ರೇಯಲ್ಲಿ ಮುಂದುಗಡೆ ಪ್ಯೂಬಿಸ್ ಮುರಿದು ಸರಿದಿರುವುದು ಕಂಡರೆ, ಹಿಂದುಗಡೆ ಇನ್ನೊಂದು ಮುರಿತವೋ ಸಂಧಿಯ ಬಿರುಕೋ ಇದೆಯೆಂದು ಭಾವಿಸಿಯೇ ಹುಡುಕಬೇಕು. ಉಂಗುರದ ಒಳಗೆ ಮೂತ್ರಕೋಶ, ಮೂತ್ರನಾಳ, ಗುದನಾಳ, ಹೆಂಗಸರಲ್ಲಿ ಗರ್ಭಕೋಶ ಮತ್ತು ಯೋನಿ ಇವೆ. ಹಿಂಗೋಡೆಗೆ ಅಂಟಿಕೊಂಡಂತೆ ಅಭಿಧಮನಿಗಳ ದಟ್ಟ ಜಾಲ, ಒಳ ಇಲಿಯಾಕ್ ಧಮನಿಯ ಕವಲುಗಳು, ಕಾಲಿಗೆ ಹೋಗುವ ನರಗಳು ಹಾದುಹೋಗುತ್ತವೆ.

ಗಾಯವಾಗುವ ಬಗೆ

ನಾಂದೇಡದಿಂದ ಬೀದರ್, ಕಲಬುರಗಿ, ವಿಜಯಪುರ, ಹೊಸಪೇಟೆಗಳ ಮೂಲಕ ಚಿತ್ರದುರ್ಗಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿಯನ್ನು ಹಾದುಹೋಗುತ್ತದೆ. ವೇಗದ ಲಾರಿ, ಬಸ್ಸುಗಳು ಓಡುವ ಈ ಹಾದಿಗೆ ಹಳ್ಳಿಯ ಬೈಕು, ಟಂಟಂ, ಟ್ರ್ಯಾಕ್ಟರುಗಳೂ ಬಂದು ಸೇರುತ್ತವೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮೇಲೆ ಹರಿಹರದ ಕಡೆ ಸಾಗುವ ರಾಜ್ಯ ಹೆದ್ದಾರಿಯದೂ ಇದೇ ಕಥೆ. ಪಕ್ಕದಿಂದ ಬಡಿದ ವಾಹನ ಶ್ರೋಣಿಯನ್ನು ಒಳಕ್ಕೆ ಒತ್ತುತ್ತದೆ. ಎದುರಿನಿಂದ ಡಿಕ್ಕಿಯಾದಾಗ ಬೈಕ್ ಸವಾರನ ತೊಡೆಸಂದು ಪೆಟ್ರೋಲ್ ಟ್ಯಾಂಕಿಗೆ ಬಡಿದು ಸಿಂಫಿಸಿಸ್ ಬಾಯಿ ಬಿಡುತ್ತದೆ.

ರಸ್ತೆಯ ಹೊರಗಿನ ಕಾರಣಗಳೂ ಕಡಿಮೆಯಲ್ಲ. ಮಗುಚಿದ ಟ್ರ್ಯಾಕ್ಟರಿನ ಅಡಿ ಸಿಕ್ಕಿಕೊಂಡವರು ಜಜ್ಜು ಗಾಯಕ್ಕೆ ಒಳಗಾಗುತ್ತಾರೆ. ಕೂಡ್ಲಿಗಿ ಸೀಮೆ ಹುಣಸೆಗೆ ಹೆಸರಾದದ್ದು. ಹುಣಸೆ ಬಡಿಯಲು ಹತ್ತಿದವರು ಎತ್ತರದಿಂದ ಜಾರಿ ಕಾಲ ಮೇಲೆ ಬಿದ್ದರೆ ಶ್ರೋಣಿಯ ಒಂದು ಅರ್ಧ ಮೇಲಕ್ಕೆ ಸರಿಯುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಜನ ಬರುತ್ತಾರೆ. ಕೊಟ್ಟೂರೇಶ್ವರ ರಥೋತ್ಸವಕ್ಕೆ ಸುತ್ತಲ ಜಿಲ್ಲೆಗಳ ಪಾದಯಾತ್ರಿಗಳು ರಾತ್ರಿಯೂ ರಸ್ತೆ ಹಿಡಿದು ನಡೆಯುತ್ತಾರೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ರಥ ಉರುಳಿ ಬಿದ್ದು ಹಲವರು ಗಾಯಗೊಂಡರು. ಏಕಕಾಲಕ್ಕೆ ಅನೇಕರಿಗೆ ಪೆಟ್ಟಾಗುವ ಇಂಥ ಸಂದರ್ಭಗಳಲ್ಲಿ ಯಾರನ್ನು ಮೊದಲು ಸಾಗಿಸಬೇಕೆಂದು ವಿಂಗಡಿಸುವುದೂ ಚಿಕಿತ್ಸೆಯ ಭಾಗವೇ.

ವರ್ಗೀಕರಣ

ಕೆನಡಾದ ಮಾರ್ವಿನ್ ಟೈಲ್ 1980ರ ದಶಕದಲ್ಲಿ ರೂಪಿಸಿದ ಪದ್ಧತಿ ಸ್ಥಿರತೆಯನ್ನೇ ಅಳತೆಗೋಲು ಮಾಡಿಕೊಂಡಿದೆ. ಎ ಗುಂಪಿನ ಗಾಯಗಳು ಸ್ಥಿರ. ಬಿ ಗುಂಪಿನವು ತಿರುಗುವ ದಿಕ್ಕಿನಲ್ಲಿ ಸಡಿಲ, ಮೇಲೆ ಕೆಳಗೆ ಗಟ್ಟಿ. ಸಿ ಗುಂಪಿನವು ಎರಡು ರೀತಿಯಲ್ಲೂ ಅಸ್ಥಿರ, ಅಂದರೆ ಹಿಂಬದಿ ಪೂರ್ಣ ಹರಿದಿದೆ. ಯಂಗ್ ಮತ್ತು ಬರ್ಗೆಸ್ ಪದ್ಧತಿ ಹೊಡೆತದ ದಿಕ್ಕನ್ನು ಹಿಡಿದು ವಿಂಗಡಿಸುತ್ತದೆ: ಪಕ್ಕದ ಒತ್ತಡ, ಹಿಂದುಮುಂದಿನ ಒತ್ತಡ, ಲಂಬ ಜಾರುವಿಕೆ, ಮಿಶ್ರ ಬಗೆ. ಹಿಂದುಮುಂದಿನ ಒತ್ತಡದಲ್ಲಿ ಸಿಂಫಿಸಿಸ್ 2.5 ಸೆಂ.ಮೀ.ಗಿಂತ ಹೆಚ್ಚು ಅಗಲಿಸಿದ್ದರೆ ಹಿಂಬದಿ ಸಂಧಿಯ ಮುಂದಿನ ರಜ್ಜುಗಳೂ ಹರಿದಿವೆ ಎಂದು ತಿಳಿಯುತ್ತಾರೆ. ವೈದ್ಯರ ನಡುವೆ ಇದಕ್ಕೆ ‘ಓಪನ್ ಬುಕ್’ ಎಂಬ ಹೆಸರಿದೆ. ಈ ಬಗೆಯಲ್ಲಿ ರಕ್ತ ಹೆಚ್ಚು ಹೋಗುತ್ತದೆ. ಪಕ್ಕದ ಒತ್ತಡದ ಬಗೆಯಲ್ಲಿ ಸಾವಿಗೆ ಹಲವು ಸಲ ಜೊತೆಗಿನ ತಲೆಗಾಯವೇ ಕಾರಣ.

ತ್ರಿಕಾಸ್ಥಿಯ ಮುರಿತಗಳನ್ನು ಫ್ರಾನ್ಸಿಸ್ ಡೆನಿಸ್ 1988ರಲ್ಲಿ ಮೂರು ವಲಯಗಳಾಗಿ ಹಂಚಿದರು. ನರರಂಧ್ರಗಳ ಹೊರಗಿನ ಮುರಿತದಲ್ಲಿ ನರಕ್ಕೆ ಹಾನಿ ಶೇ. 6ರಷ್ಟು, ರಂಧ್ರಗಳ ಮೂಲಕ ಹಾದ ಮುರಿತದಲ್ಲಿ ಶೇ. 28ರಷ್ಟು, ಮಧ್ಯನಾಳಕ್ಕೆ ಮುಟ್ಟಿದ ಮುರಿತದಲ್ಲಿ ಶೇ. 57ರಷ್ಟು ಅವರ ರೋಗಿಗಳಲ್ಲಿ ಕಂಡಿತ್ತು. ಜಾಗತಿಕ ತುರ್ತು ಶಸ್ತ್ರವೈದ್ಯರ ಸಂಘ 2017ರಲ್ಲಿ ಕೊಟ್ಟ ವರ್ಗೀಕರಣ ಮೂಳೆಯ ಚಿತ್ರಕ್ಕೆ ರೋಗಿಯ ರಕ್ತಪರಿಚಲನೆಯ ಸ್ಥಿತಿಯನ್ನೂ ಸೇರಿಸಿತು. ಮೂಳೆ ಹೇಗೆ ಮುರಿದಿದ್ದರೂ ರಕ್ತದೊತ್ತಡ ನಿಲ್ಲದಿದ್ದರೆ ಅದು ತೀವ್ರ ಗಾಯವೇ.

ರಕ್ತಸ್ರಾವ

ಮೊದಲ ದಿನದ ಸಾವುಗಳಿಗೆ ಮುಖ್ಯ ಕಾರಣ ರಕ್ತಸ್ರಾವ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಹೊಟ್ಟೆಪೊರೆಯ ಹಿಂದಿನ ಸಡಿಲ ಜಾಗ ಅದರಲ್ಲಿ ಹಲವು ಲೀಟರುಗಳನ್ನು ಹೊರಗೆ ಒಂದು ತೊಟ್ಟೂ ಕಾಣದಂತೆ ಹಿಡಿಯಬಲ್ಲದು. ಶೇ. 80ರಿಂದ 90ರಷ್ಟು ಸಂದರ್ಭಗಳಲ್ಲಿ ರಕ್ತ ಒಸರುವುದು ಮುರಿದ ಮೂಳೆಯ ಮೈಯಿಂದ ಮತ್ತು ಅಭಿಧಮನಿಗಳ ಜಾಲದಿಂದ. ಉಳಿದವುಗಳಲ್ಲಿ ಧಮನಿಯೇ ಹರಿದಿರುತ್ತದೆ. ಈ ವ್ಯತ್ಯಾಸ ಮುಂದಿನ ಚಿಕಿತ್ಸೆಯ ಆಯ್ಕೆಯನ್ನು ತೀರ್ಮಾನಿಸುತ್ತದೆ. ಅಭಿಧಮನಿಯ ಸ್ರಾವ ಒತ್ತಡಕ್ಕೆ ಮಣಿಯುತ್ತದೆ, ಧಮನಿಯದು ಮಣಿಯುವುದಿಲ್ಲ.

ರಕ್ತ ಹೋದಂತೆ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಈ ಮೂರೂ ಒಂದನ್ನೊಂದು ಹೆಚ್ಚಿಸುತ್ತಾ ಹೋಗುತ್ತವೆ. ಆ ಸುಳಿಗೆ ಸಿಕ್ಕ ರೋಗಿಯ ಮೇಲೆ ಗಂಟೆಗಟ್ಟಲೆ ಮೂಳೆ ಜೋಡಿಸುವ ಶಸ್ತ್ರಕ್ರಿಯೆ ಮಾಡುವುದು ಅಪಾಯ.

ಸ್ಥಳದಲ್ಲಿ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ

ಮೊದಲ ಚಿಕಿತ್ಸೆಗೆ ಬೇಕಾದ ಸಾಧನ ಸರಳ: ಶ್ರೋಣಿಪಟ್ಟಿ. ಅದಿಲ್ಲದ ಕಡೆ ಮಡಿಚಿದ ಬೆಡ್‌ಶೀಟ್, ಪಂಚೆ, ಸೀರೆಯೂ ಆಗುತ್ತದೆ. ಅದನ್ನು ಕಟ್ಟುವ ಮಟ್ಟ ಮುಖ್ಯ. ತೊಡೆಯ ಮೇಲ್ತುದಿಯಲ್ಲಿ ಹೊರಗಡೆ ಕೈಗೆ ಸಿಗುವ ಮೂಳೆಗಂಟುಗಳ ಮೇಲೆ ಪಟ್ಟಿ ಸುತ್ತಿ ಬಿಗಿಯಬೇಕು. ಸೀರೆ ಉಡುವ, ಬೆಲ್ಟು ಹಾಕುವ ಎತ್ತರದಲ್ಲಿ ಕಟ್ಟಿದರೆ ಉಂಗುರ ಮುಚ್ಚಿಕೊಳ್ಳುವುದಿಲ್ಲ. ಮೊಣಕಾಲುಗಳನ್ನು ಜೋಡಿಸಿ, ಪಾದಗಳನ್ನು ಒಳಮುಖವಾಗಿ ತಿರುಗಿಸಿ ಕಟ್ಟಿದರೆ ಪಟ್ಟಿಯ ಕೆಲಸ ಇನ್ನೂ ಚೆನ್ನಾಗುತ್ತದೆ. ಸಡಿಲವಿದೆಯೇ ಎಂದು ಸೊಂಟವನ್ನು ಅದುಮಿ, ಅಗಲಿಸಿ ನೋಡಬಾರದು. ಹಾಗೆ ಮಾಡಿದರೆ ಕಟ್ಟಿದ್ದ ಹೆಪ್ಪು ಕಳಚಿ ರಕ್ತ ಮತ್ತೆ ಹರಿಯುತ್ತದೆ. ಪಕ್ಕಕ್ಕೆ ಹೊರಳಿಸುವುದನ್ನೂ ಆದಷ್ಟು ತಪ್ಪಿಸಬೇಕು. ಮಡಿಚಿ ಕೂರಿಸಿ ಟಂಟಂನಲ್ಲಿ ಒಯ್ಯುವುದಕ್ಕಿಂತ, ಹಲಗೆಯ ಮೇಲೆ ಮಲಗಿಸಿ ಸಾಗಿಸುವುದು ಮೇಲು. ಎಲುಬು ಕಟ್ಟುವ ನಾಟಿ ವೈದ್ಯರ ಬಳಿ ಮೊದಲು ಹೋದರೆ ಕಳೆದುಹೋಗುವುದು ಅಮೂಲ್ಯವಾದ ಆರಂಭದ ಸಮಯ.

ಎರಡನೆಯದು ರಕ್ತಸ್ರಾವ ತಗ್ಗಿಸುವ ಔಷಧವಾದ ಟ್ರಾನೆಕ್ಸಾಮಿಕ್ ಆಮ್ಲ. 40 ದೇಶಗಳ 20,211 ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗದಲ್ಲಿ ಈ ಅಗ್ಗದ ಔಷಧ ಸಾವುಗಳನ್ನು ಶೇ. 16ರಿಂದ 14.5ಕ್ಕೆ ಇಳಿಸಿತು. ಆ ಪ್ರಯೋಗದಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. 1 ಗ್ರಾಂ ಔಷಧವನ್ನು 10 ನಿಮಿಷಗಳಲ್ಲಿ, ಇನ್ನೊಂದು ಗ್ರಾಂ 8 ಗಂಟೆಗಳಲ್ಲಿ ಅಭಿಧಮನಿಯ ಮೂಲಕ ಕೊಡುವುದು ಅದರ ಕ್ರಮ. ಗಾಯವಾದ 3 ಗಂಟೆಗಳ ಒಳಗೆ ಕೊಟ್ಟರಷ್ಟೇ ಪ್ರಯೋಜನ. ತಡವಾದರೆ ಕೆಡುಕೇ ಹೆಚ್ಚು. ದೊಡ್ಡಾಸ್ಪತ್ರೆ ತಲುಪುವುದರೊಳಗೆ ಈ ಗಡುವು ಮುಗಿಯಬಹುದಾದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಡೋಸ್ ಕೊಡುವುದು ಅರ್ಥಪೂರ್ಣ.

ಉಸಿರಾಟದ ಹಾದಿ ತೆರೆದಿಡುವುದು, ಎದೆಯಲ್ಲಿ ಗಾಳಿ ತುಂಬಿದ್ದರೆ ನಳಿಕೆ ಹಾಕುವುದು, ಮೈ ಬೆಚ್ಚಗಿಡುವುದು, ಎರಡು ದಪ್ಪ ಸೂಜಿಗಳ ಮೂಲಕ ಅಭಿಧಮನಿಗೆ ದಾರಿ ಮಾಡುವುದು ಇಲ್ಲಿ ಆಗಬೇಕಾದ ಉಳಿದ ಕೆಲಸಗಳು. ಸಲೈನ್ ಮಿತಿಯಲ್ಲಿರಬೇಕು. ಬರೀ ಸಲೈನ್ ತುಂಬಿಸಿದರೆ ಉಳಿದ ರಕ್ತ ತೆಳುವಾಗಿ ಹೆಪ್ಪುಗಟ್ಟುವ ಗುಣ ಮತ್ತಷ್ಟು ಕೆಡುತ್ತದೆ. ಸಿ.ಟಿ. ಸ್ಕ್ಯಾನಿಗಾಗಿ ಊರಿಂದೂರಿಗೆ ಅಲೆಸುವ ಬದಲು ಪಟ್ಟಿ ಕಟ್ಟಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ, ರಕ್ತದ ಗುಂಪು ತಿಳಿಸಿ, ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಕಳಿಸುವುದು ಒಳ್ಳೆಯದು.

ದೊಡ್ಡಾಸ್ಪತ್ರೆಯ ಮೊದಲ ಗಂಟೆಗಳು

ಇಲ್ಲಿ ಎದೆ ಮತ್ತು ಶ್ರೋಣಿಯ ಎಕ್ಸ್‌ರೇ, ಹೊಟ್ಟೆ ಮತ್ತು ಎದೆಯ ತುರ್ತು ಅಲ್ಟ್ರಾಸೌಂಡ್ ಹಾಸಿಗೆಯ ಬಳಿಯೇ ನಡೆಯುತ್ತವೆ. ರಕ್ತದೊತ್ತಡ ನಿಂತರೆ ಸಿ.ಟಿ.ಗೆ ಒಯ್ಯುತ್ತಾರೆ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಸಮಪ್ರಮಾಣಕ್ಕೆ ಹತ್ತಿರವಾಗಿ ಕೊಡುವುದು ಈಗಿನ ರೂಢಿ. ಅಷ್ಟಾದರೂ ಒತ್ತಡ ಕುಸಿಯುತ್ತಿದ್ದರೆ ಮೂರು ದಾರಿಗಳಿವೆ.

ಒಂದು, ಹೊರಚೌಕಟ್ಟು. ಜಿನೀವಾದ ರಾವುಲ್ ಹಾಫ್‌ಮನ್ 1938ರಲ್ಲಿ ರೂಪಿಸಿದ ಸಾಧನದ ವಂಶದ್ದು ಇದು. ಇಲಿಯಮ್‌ನ ಅಂಚಿಗೆ ಅಥವಾ ತೊಡೆಕೀಲಿನ ಬಟ್ಟಲಿನ ಮೇಲ್ಭಾಗದ ಗಟ್ಟಿ ಮೂಳೆಗೆ ಕಡ್ಡಿಗಳನ್ನು ತೂರಿಸಿ ಹೊರಗೆ ಸರಳುಗಳಿಂದ ಜೋಡಿಸುತ್ತಾರೆ. ಓಪನ್ ಬುಕ್ ಬಗೆಗೆ ಇದು ಒಳ್ಳೆಯದು. ಹಿಂಬದಿ ಪೂರ್ಣ ಹರಿದಿದ್ದರೆ ಮುಂದಿನ ಚೌಕಟ್ಟು ಮಾತ್ರ ಸಾಲದು. ಅದಕ್ಕೆಂದೇ ಬರ್ನ್‌ನ ರೈನ್‌ಹೋಲ್ಡ್ ಗ್ಯಾನ್ಜ್ 1991ರಲ್ಲಿ ಸಿ-ಕ್ಲ್ಯಾಂಪ್ ಎಂಬ ಹಿಡಿಕೆಯನ್ನು ಪ್ರಕಟಿಸಿದರು. ಅದು ಹಿಂಬದಿಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಅನುಭವವಿಲ್ಲದ ಕೈಗೆ ಇದು ಅಪಾಯದ ಸಾಧನ.

ಎರಡು, ಹೊಟ್ಟೆಪೊರೆಯ ಹೊರಗೆ ಬಟ್ಟೆ ತುಂಬಿಸುವುದು. ಕಿಬ್ಬೊಟ್ಟೆಯ ಸಣ್ಣ ಗಾಯದ ಮೂಲಕ, ಹೊಟ್ಟೆಪೊರೆಯನ್ನು ತೆರೆಯದೆ, ಶ್ರೋಣಿಯ ಒಳಗೋಡೆಗೆ ಎರಡೂ ಬದಿಯಲ್ಲಿ ದೊಡ್ಡ ಗಾಜ್ ಪ್ಯಾಡ್‌ಗಳನ್ನು ಒತ್ತಿಡುತ್ತಾರೆ. ಯುರೋಪಿನಲ್ಲಿ ಬೆಳೆದು ಡೆನ್ವರ್‌ನಲ್ಲಿ ಪಳಗಿದ ಈ ವಿಧಾನ ಅಭಿಧಮನಿಯ ಸ್ರಾವಕ್ಕೆ ನೇರ ಮದ್ದು. ಪ್ಯಾಡ್‌ಗಳನ್ನು 24ರಿಂದ 48 ಗಂಟೆಗಳಲ್ಲಿ ತೆಗೆಯುತ್ತಾರೆ. ದುಬಾರಿ ಯಂತ್ರ ಬೇಡ, ಸಾಮಾನ್ಯ ಶಸ್ತ್ರಾಗಾರ ಸಾಕು ಎಂಬುದು ನಮ್ಮ ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗೆ ಇದನ್ನು ಹೆಚ್ಚು ಉಪಯುಕ್ತವಾಗಿಸುತ್ತದೆ. ಪ್ಯಾಡ್‌ಗಳಿಗೆ ಎದುರೊತ್ತು ಕೊಡಲು ಉಂಗುರವನ್ನು ಮೊದಲು ಪಟ್ಟಿಯಿಂದಲೋ ಚೌಕಟ್ಟಿನಿಂದಲೋ ಮುಚ್ಚಿರಬೇಕು.

ಮೂರು, ಧಮನಿಯ ಕವಲನ್ನು ಒಳಗಿನಿಂದ ಮುಚ್ಚುವ ಆಂಜಿಯೋ ಎಂಬೊಲೈಸೇಶನ್. 1972ರಲ್ಲಿ ಮೊದಲು ವರದಿಯಾದ ಈ ಕ್ರಮಕ್ಕೆ ಕ್ಯಾಥ್ ಲ್ಯಾಬ್, ಪಳಗಿದ ರೇಡಿಯಾಲಜಿ ತಜ್ಞರು ಹಗಲುರಾತ್ರಿ ಸಿದ್ಧರಿರಬೇಕು. ಹೊಟ್ಟೆಯೊಳಗೂ ರಕ್ತವಿದ್ದರೆ ಹೊಟ್ಟೆ ತೆರೆದು ಗುಲ್ಮ, ಯಕೃತ್ತುಗಳ ಸ್ರಾವ ನಿಲ್ಲಿಸಬೇಕಾಗುತ್ತದೆ. ಆಗಲೂ ಶ್ರೋಣಿಪಟ್ಟಿಯನ್ನು ಬಿಚ್ಚುವುದಿಲ್ಲ.

ಶಸ್ತ್ರಕ್ರಿಯೆಯ ಸಮಯ

ಮುರಿತಗಳನ್ನೆಲ್ಲ ಮೊದಲ ದಿನವೇ ಜೋಡಿಸಬೇಕೆಂಬ ಒಲವು 1980ರ ದಶಕದಲ್ಲಿತ್ತು. ತೊಡೆಮೂಳೆಯನ್ನು ಬೇಗ ಜೋಡಿಸಿದರೆ ಶ್ವಾಸಕೋಶದ ತೊಡಕು ಕಡಿಮೆಯೆಂದು 1989ರ ಲಾರೆನ್ಸ್ ಬೋನ್ ಅಧ್ಯಯನ ತೋರಿಸಿತ್ತು. ಆದರೆ ಎದೆಗಾಯವಿರುವ, ರಕ್ತ ತೀರ ಕಳೆದುಕೊಂಡ ರೋಗಿಗಳು ದೀರ್ಘ ಶಸ್ತ್ರಕ್ರಿಯೆಯ ನಂತರ ಹದಗೆಡುತ್ತಿದ್ದರು. ಜರ್ಮನಿಯ ಹ್ಯಾನೋವರ್‌ನ ವೈದ್ಯರು ಇದನ್ನು ಗಮನಿಸಿ, ಮೊದಲು ತಾತ್ಕಾಲಿಕ ಚೌಕಟ್ಟು, ಆಮೇಲೆ ತೀವ್ರ ನಿಗಾ ಘಟಕ, ಮೈ ಸುಧಾರಿಸಿದ ಮೇಲೆ ಖಾಯಂ ಜೋಡಣೆ ಎಂಬ ಕ್ರಮವನ್ನು ಬಲಪಡಿಸಿದರು. ಇದೇ ಹಾನಿ ನಿಯಂತ್ರಣದ ಮೂಳೆ ಶಸ್ತ್ರಚಿಕಿತ್ಸೆ.

ಈಗಿನ ನಿಲುವು ಇವೆರಡರ ನಡುವಿನದು. ಅಮೆರಿಕದ ಹೀದರ್ ವ್ಯಾಲಿಯರ್ ತಂಡ ಸೂಚಿಸಿದಂತೆ, ರಕ್ತದ ಆಮ್ಲೀಯತೆಯನ್ನು ತೋರಿಸುವ ಅಳತೆಗಳಲ್ಲಿ ಲ್ಯಾಕ್ಟೇಟ್ 4ಕ್ಕಿಂತ ಕೆಳಗಿಳಿದಿದ್ದರೆ, ಅಥವಾ ಪಿಎಚ್ 7.25ಕ್ಕೆ ಏರಿದ್ದರೆ, ಅಥವಾ ಬೇಸ್ ಎಕ್ಸೆಸ್ ಮೈನಸ್ 5.5ಕ್ಕಿಂತ ಉತ್ತಮವಾಗಿದ್ದರೆ 36 ಗಂಟೆಗಳ ಒಳಗೆ ಶ್ರೋಣಿಯನ್ನು ಜೋಡಿಸಬಹುದು. ಹಾಗಿಲ್ಲದವರಲ್ಲಿ ಕಾಯಬೇಕು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಮೈಯ ಉರಿಯೂತ ಉತ್ತುಂಗದಲ್ಲಿರುವುದರಿಂದ ದೊಡ್ಡ ಶಸ್ತ್ರಕ್ರಿಯೆಗೆ ಸರಿಯಾದ ಕಾಲವಲ್ಲ. ಐದರಿಂದ ಹತ್ತನೆಯ ದಿನದ ನಡುವೆ ಅನುಕೂಲದ ಅವಧಿ ಸಿಗುತ್ತದೆ. ಮೂರು ವಾರ ದಾಟಿದರೆ ಮುರಿತ ಜಾಗ ತಪ್ಪಿಯೇ ಬೆಸೆದುಕೊಳ್ಳತೊಡಗಿ, ಅದನ್ನು ಬಿಡಿಸಿ ಕೂಡಿಸುವುದು ಕಷ್ಟ.

ಖಾಯಂ ಜೋಡಣೆ

ಮುಂದಿನ ಭಾಗ. ಸಿಂಫಿಸಿಸ್ ಅಗಲಿಸಿದ್ದರೆ ಸಿಸೇರಿಯನ್‌ಗೆ ಹಾಕುವಂತಹ ಅಡ್ಡ ಗಾಯದ ಮೂಲಕ ಎರಡು ಪ್ಯೂಬಿಸ್‌ಗಳನ್ನು ಹತ್ತಿರ ತಂದು, ಮೇಲೆ ಲೋಹದ ಪ್ಲೇಟ್ ಕೂರಿಸಿ ಸ್ಕ್ರೂ ಹಾಕುತ್ತಾರೆ. ಪ್ಯೂಬಿಸ್‌ನ ಕೊಂಬೆ ಮುರಿದಿದ್ದರೆ ಉದ್ದ ಸ್ಕ್ರೂ, ಪ್ಲೇಟ್, ಅಥವಾ ಚರ್ಮದ ಕೆಳಗೇ ಅಡಗಿಸುವ ಸರಳು ಬಳಸುತ್ತಾರೆ.

ಹಿಂದಿನ ಭಾಗ. ಸ್ಥಿರತೆಯ ಕೀಲಿಕೈ ಇದೇ. ಹೆಚ್ಚು ಬಳಕೆಯಲ್ಲಿರುವುದು ಇಲಿಯೋಸ್ಯಾಕ್ರಲ್ ಸ್ಕ್ರೂ: ಪೃಷ್ಠದ ಪಕ್ಕದ ಸಣ್ಣ ರಂಧ್ರದಿಂದ ಇಲಿಯಮ್ ಮೂಲಕ ತ್ರಿಕಾಸ್ಥಿಯ ಒಡಲಿಗೆ ಸುಮಾರು 7 ಮಿ.ಮೀ. ದಪ್ಪದ ಟೊಳ್ಳು ಸ್ಕ್ರೂ ಹೋಗುತ್ತದೆ. ಅಮೆರಿಕದ ಚಿಪ್ ರೂಟ್ 1990ರ ದಶಕದಲ್ಲಿ ಇದನ್ನು ಚರ್ಮ ಹೆಚ್ಚು ಸೀಳದೆ ಮಾಡುವ ಕ್ರಮವಾಗಿ ಬೆಳೆಸಿದರು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಸಿ-ಆರ್ಮ್ ಎಕ್ಸ್‌ರೇ ಯಂತ್ರದಿಂದ ಮೇಲ್ಬಾಗಿದ, ಕೆಳಬಾಗಿದ ಮತ್ತು ಪಕ್ಕದ ನೋಟಗಳನ್ನು ನೋಡುತ್ತಾ ಸ್ಕ್ರೂ ಮುಂದೊಯ್ಯಬೇಕು. ದಿಕ್ಕು ಕೆಲವೇ ಮಿಲಿಮೀಟರ್ ತಪ್ಪಿದರೂ ಸೊಂಟದ ಐದನೆಯ ನರಕ್ಕೆ ಪೆಟ್ಟಾಗಿ ಪಾದ ಮೇಲೆತ್ತಲು ಬಾರದಂತಾಗುತ್ತದೆ. ಕೆಲವರ ತ್ರಿಕಾಸ್ಥಿಯ ಆಕಾರವೇ ಹುಟ್ಟಿನಿಂದ ಬೇರೆ. ಹಾಗಾಗಿ ಮುನ್ನವೇ ಸಿ.ಟಿ. ನೋಡಿ ಹಾದಿ ಅಳೆಯಬೇಕು.

ಲಂಬವಾಗಿ ಸರಿದ ಮುರಿತಗಳಿಗೆ ಮೊದಲು ತೊಡೆಮೂಳೆಯ ಕೆಳತುದಿಗೆ ತೂರಿದ ಕಡ್ಡಿಯಿಂದ ತೂಕ ಕಟ್ಟಿ ಎಳೆದು ಕೆಳಕ್ಕೆ ತರುತ್ತಾರೆ. ತ್ರಿಕಾಸ್ಥಿ ಪೂರ್ಣ ತುಂಡಾಗಿ ಬೆನ್ನಿನಿಂದ ಬೇರ್ಪಟ್ಟಿದ್ದರೆ ಬೆನ್ನುಮೂಳೆಯ ಸ್ಕ್ರೂಗಳನ್ನು ಸರಳುಗಳಿಂದ ಇಲಿಯಮ್‌ಗೆ ಜೋಡಿಸುವ ಕಟಿ-ಶ್ರೋಣಿ ಜೋಡಣೆ ಬೇಕಾಗುತ್ತದೆ. ಮೊದಲು ಹಿಂಬದಿಯೋ ಮುಂಬದಿಯೋ ಎಂಬುದು ಗಾಯದ ಬಗೆಯನ್ನು ಅವಲಂಬಿಸಿದೆ.

ಜೊತೆಗಾಯಗಳು

ಮೂತ್ರದ್ವಾರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದ್ದರೆ ಗಂಡಸರಲ್ಲಿ ಮೂತ್ರನಾಳ ಹರಿದಿರುವ ಶಂಕೆಯಿರುತ್ತದೆ. ಆಗ ಬಲವಂತದಿಂದ ಕ್ಯಾಥೆಟರ್ ತೂರಿಸಬಾರದು. ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಕಿ ಚಿತ್ರ ತೆಗೆದು, ಬೇಕಾದರೆ ಹೊಟ್ಟೆಯ ಮೇಲಿನಿಂದ ಮೂತ್ರಕೋಶಕ್ಕೆ ನಳಿಕೆ ಹಾಕುತ್ತಾರೆ. ಮೂತ್ರಕೋಶ ಹೊಟ್ಟೆಯೊಳಕ್ಕೆ ಹರಿದಿದ್ದರೆ ಹೊಲಿಯಬೇಕು.

ಮುರಿದ ಮೂಳೆ ಗುದನಾಳಕ್ಕೋ ಯೋನಿಗೋ ಚುಚ್ಚಿದ್ದರೆ ಅದು ತೆರೆದ ಮುರಿತ. ಚರ್ಮದ ಮೇಲೆ ಗಾಯ ಕಾಣದಿದ್ದರೂ ಒಳಪರೀಕ್ಷೆ ಮಾಡಲೇಬೇಕು. ಮಲದ ಸೋಂಕು ತಪ್ಪಿಸಲು ಕೆಲಕಾಲ ಹೊಟ್ಟೆಯ ಮೇಲೆ ಮಲದ್ವಾರ ಮಾಡಬೇಕಾಗಬಹುದು. ಚರ್ಮ ಮತ್ತು ಸ್ನಾಯುವಿನ ಪದರ ಬೇರ್ಪಟ್ಟು ನಡುವೆ ರಕ್ತ ತುಂಬುವ ಮೋರೆಲ್-ಲವಾಲೆ ಗಾಯ ಟ್ರ್ಯಾಕ್ಟರ್ ಚಕ್ರ ಹರಿದವರಲ್ಲಿ ಕಾಣಬಹುದು. ಶಸ್ತ್ರಕ್ರಿಯೆಯ ದಾರಿ ಅದರ ಮೂಲಕ ಹೋದರೆ ಸೋಂಕಿನ ಭಯವಿದೆ. ಕಾಲಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸಾಗುವ ಅಪಾಯವೂ ದೊಡ್ಡದು. ಸ್ರಾವ ನಿಂತದ್ದು ಖಚಿತವಾದ ಕೂಡಲೇ ಹೆಪರಿನ್ ಚುಚ್ಚುಮದ್ದು ಶುರುಮಾಡುತ್ತಾರೆ.

ಐದು ತಾಲ್ಲೂಕುಗಳ ಸಾಗಾಟದ ದಾರಿ

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಸಂವಿಧಾನದ 371 ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ತಾಲ್ಲೂಕುಗಳು ಅದಕ್ಕೆ ಸೇರಿದವು. ಗಾಯಾಳುವಿನ ದಾರಿ ಮಾತ್ರ ಜಿಲ್ಲೆಯ ಗಡಿಯನ್ನು ನೋಡುವುದಿಲ್ಲ. ಹರಪನಹಳ್ಳಿ ಮತ್ತು ಕೊಟ್ಟೂರಿನ ಪಶ್ಚಿಮದವರಿಗೆ ದಾವಣಗೆರೆ ಹತ್ತಿರ. ಅಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆಗೆ, ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಬಳ್ಳಾರಿಗೆ ಹೋಗುತ್ತಾರೆ. ಜನ ಇಂದಿಗೂ ವಿಮ್ಸ್ ಎನ್ನುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು 1961ರದು. ತುಂಗಭದ್ರೆಯ ದಂಡೆಯ ಹೂವಿನಹಡಗಲಿಯವರಿಗೆ ಗದಗ, ಹುಬ್ಬಳ್ಳಿಗಳೂ ದಾರಿಯಲ್ಲಿವೆ. ತೀರ ಜಟಿಲ ಮುರಿತಗಳು ಬೆಂಗಳೂರಿನ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಂಥ ಕಡೆಗೆ ಹೋಗುತ್ತವೆ.

108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಲ್ಲಿ ಶುರುವಾಯಿತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಸೊಂಟದ ಮಟ್ಟದಲ್ಲಿ ಎರಡಾದ ಯುವಕ ಹರೀಶ್, ಸಾಯುವ ಮುನ್ನ ಅಂಗದಾನಕ್ಕೆ ಕೋರಿದ್ದು ನಾಡನ್ನು ಕಲಕಿತ್ತು. ಅವರ ಹೆಸರಿನಲ್ಲಿ ಅದೇ ವರ್ಷ ಬಂದ ಮುಖ್ಯಮಂತ್ರಿ ಸಾಂತ್ವನ-ಹರೀಶ್ ಯೋಜನೆ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಒದಗಿಸಿತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. 2025ರ ಕೇಂದ್ರ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 7 ದಿನಗಳಲ್ಲಿ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಪೊಲೀಸ್, ನ್ಯಾಯಾಲಯದ ಕಿರುಕುಳದಿಂದ ಕಾಯುವ ಕಾನೂನೂ ಇದೆ. ಹುಣಸೆಮರದಿಂದ ಬಿದ್ದವರಿಗೆ, ಹೊಲದಲ್ಲಿ ಟ್ರ್ಯಾಕ್ಟರಿಗೆ ಸಿಕ್ಕವರಿಗೆ ರಸ್ತೆ ಅಪಘಾತದ ಯೋಜನೆ ಅನ್ವಯಿಸುವುದಿಲ್ಲ. ಅವರ ಪಾಲಿಗೆ ಆರೋಗ್ಯ ಕರ್ನಾಟಕವೇ ಆಸರೆ.

ಚೇತರಿಕೆ ಮತ್ತು ಉಳಿಯುವ ತೊಡಕುಗಳು

ಜೋಡಣೆ ಗಟ್ಟಿಯಿದ್ದರೆ ರೋಗಿಯನ್ನು ಕೆಲವೇ ದಿನಗಳಲ್ಲಿ ಕೂರಿಸುತ್ತಾರೆ. ಗಾಯವಾದ ಕಡೆಯ ಕಾಲಿನ ಮೇಲೆ ಪೂರ್ಣ ಭಾರ ಹಾಕಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ವಾಕರ್ ಅಥವಾ ಊರುಗೋಲು. ತೊಡೆ ಮತ್ತು ಪೃಷ್ಠದ ಸ್ನಾಯುಗಳ ವ್ಯಾಯಾಮ, ಬೆನ್ನಿನ ಕೆಳಗೆ ಹುಣ್ಣಾಗದಂತೆ ಆರೈಕೆ ನಡೆಯಬೇಕು. ನೆಲದ ಮೇಲೆ ಕೂರುವುದು, ಕುಕ್ಕರಗಾಲಿನ ಶೌಚ ಮೊದಲ ತಿಂಗಳುಗಳಲ್ಲಿ ಕಷ್ಟ. ಕಮೋಡ್ ಕುರ್ಚಿಯೊಂದು ಮನೆಯಲ್ಲಿದ್ದರೆ ಅನುಕೂಲ.

ಜಾಗ ತಪ್ಪಿ ಬೆಸೆದರೆ ಒಂದು ಕಾಲು ಗಿಡ್ಡವಾಗುತ್ತದೆ, ಕೂತಾಗ ಸೊಂಟ ಓರೆಯಾಗುತ್ತದೆ, ಬೆನ್ನಿನ ಕೆಳಭಾಗದ ನೋವು ಉಳಿಯುತ್ತದೆ. ನರ ಮತ್ತು ಮೂತ್ರನಾಳದ ಗಾಯಗಳಿಂದ ಲೈಂಗಿಕ ತೊಂದರೆಗಳು ಬರುತ್ತವೆ. ರೋಗಿ ಬಾಯಿಬಿಟ್ಟು ಹೇಳದ ಈ ವಿಷಯವನ್ನು ವೈದ್ಯರೇ ಕೇಳಬೇಕು. ಗುಣವಾದ ಹೆಂಗಸರು ಮುಂದೆ ಗರ್ಭಿಣಿಯಾಗಬಹುದು. ಹೆರಿಗೆ ಸಹಜವೋ ಸಿಸೇರಿಯನ್ನೋ ಎಂಬುದನ್ನು ಉಂಗುರದ ಆಕಾರ ನೋಡಿ ತೀರ್ಮಾನಿಸುತ್ತಾರೆ.

ಈ ಸೀಮೆಯಲ್ಲಿ ಚೇತರಿಕೆಯನ್ನು ಕೆಡಿಸುವ ಮುಖ್ಯ ಸಂಗತಿ ಕೂಲಿಯ ಒತ್ತಡ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಜನ ಬೆಂಗಳೂರಿಗೆ, ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮೂರು ತಿಂಗಳು ಭಾರ ಎತ್ತಬಾರದೆಂಬ ಸಲಹೆ ಆ ಮನೆಗಳಿಗೆ ಮೂರು ತಿಂಗಳ ಕೂಲಿ ಇಲ್ಲವೆಂದೇ ಅರ್ಥ. ಬೇಗ ಕೆಲಸಕ್ಕೆ ಇಳಿದರೆ ಸ್ಕ್ರೂ ಸಡಿಲಗೊಳ್ಳುತ್ತದೆ, ಪ್ಲೇಟ್ ಮುರಿಯುತ್ತದೆ. ಮರುಪರೀಕ್ಷೆಗೆ ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕೆಂದರೆ ಬಹಳಷ್ಟು ಜನ ಹೋಗುವುದಿಲ್ಲ. 6 ಮತ್ತು 12 ವಾರಗಳ ಎಕ್ಸ್‌ರೇಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆಸಿ ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೆ ಕಳಿಸುವುದು, ಫಿಸಿಯೋಥೆರಪಿಯನ್ನು ಊರ ಹತ್ತಿರ ಮುಂದುವರಿಸುವುದು ಇದಕ್ಕೆ ಕಾರ್ಯಸಾಧ್ಯ ಪರಿಹಾರ. ಹೀಗೆ ಮೊದಲ ಪಟ್ಟಿ ಕಟ್ಟುವುದರಿಂದ ಕೊನೆಯ ಎಕ್ಸ್‌ರೇವರೆಗೆ ಈ ಗಾಯದ ಚಿಕಿತ್ಸೆಯ ಎರಡು ತುದಿಗಳೂ ತಾಲ್ಲೂಕು ಆಸ್ಪತ್ರೆಯ ಕೈಯಲ್ಲಿವೆ.